ಗಣಿತ ಪುಸ್ತಕದ ಬೈಂಡು

ಶಿಕಾರಿಪುರ
14-7-1999

ಚಂದ್ರಶೇಖರಯ್ಯ ಸರ್ ಅವರಿಗೆ ನಾಗವೇಣಿಯ ನಮಸ್ಕಾರ.

ಸರ್ವರ್‌ನಲ್ಲಿದ್ದ ನಮ್ಮ ಕಂಪ್ಯೂಟರ್ ಸೆಂಟರಿನ ಫೈಲುಗಳನ್ನು ಅಳಿಸಿದ್ದು ಮಹಾಂತೇಶ್ ಅಲ್ಲ ಸರ್. ನೀವು ನಮ್ಮಿಬ್ಬರಿಗಷ್ಟೇ ಕೊಟ್ಟಿದ್ದ ಪಾಸ್‌ವರ್ಡ್ ಹೊರಗೆ ಹೋದದ್ದು ನನ್ನಿಂದ.

ದಾರಿಯಲ್ಲಿ ಯಾರೂ ಓದದಂತೆ ಫೈಲು ಕಳಿಸುವ ಪ್ರೋಗ್ರಾಂ ಬರೆಯಲು ನೀವೇ ಕಲಿಸಿದಿರಿ. ಫೋನ್ ಲೈನ್ ಕಟ್ಟಾದಾಗಲೆಲ್ಲ ಮತ್ತೆ ಟೈಪ್ ಮಾಡಲು ಬೇಜಾರಾಗಿ, ಪಾಸ್‌ವರ್ಡನ್ನು ಪ್ರೋಗ್ರಾಂ ಒಳಗೇ ಬರೆದಿಟ್ಟೆ. ಅದರ ಹಳೆ ಪ್ರಿಂಟನ್ನು ಅಕ್ಕನ ಮಗಳ ಪುಸ್ತಕಗಳಿಗೆ ಬೈಂಡ್ ಹಾಕಲು ಕೊಟ್ಟಿದ್ದೆ. ಭಾನುವಾರ ಸೊರಬಕ್ಕೆ ಹೋದಾಗ ನೋಡಿದೆ, ಗಣಿತ ಪುಸ್ತಕದ ಮೇಲೆ ಅವಳ ಹೆಸರಿನ ಪಕ್ಕದಲ್ಲೇ ಪಾಸ್‌ವರ್ಡ್ ಇತ್ತು. ಆ ಪುಸ್ತಕ ದಿನಾ ಕಂಪ್ಯೂಟರ್ ಕ್ಲಾಸಿಗೂ ಹೋಗಿ ಬರುತ್ತಿತ್ತಂತೆ.

ಸೋಮವಾರ ನೀವು ಮಹಾಂತೇಶ್ ಅವರನ್ನು ಕೆಲಸದಿಂದ ಬಿಡಿಸಿದಾಗ ಪಕ್ಕದಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ.

ಬೈಂಡು ಕಿತ್ತು ಇದರ ಜೊತೆ ಇಟ್ಟಿದ್ದೇನೆ. ಅವರನ್ನು ವಾಪಸ್ ಕರೆಸಿ. ಹೊಸ ಪಾಸ್‌ವರ್ಡ್ ಅವರಿಗೆ ಹೇಳಿ. ನನಗೆ ಹೇಳಬೇಡಿ.

ಇತಿ,
ನಾಗವೇಣಿ