ನೀರ ಮೇಲಿನ ಹಾಸಿಗೆ

ವೆಲಿಮಾದೂ,
ಜೂನ್ 16, ಸೋಮವಾರ

ಪ್ರೀತಿಯ ತಂಗಿ ಸನ್ಫಾಳಿಗೆ ಅಕ್ಕ ಮೂಮಿನಾಳ ಸಲಾಮು.

ಎರಡು ಓಣಿ ಆಚೆ ಇರುವ ತಂಗಿಗೆ ಕಾಗದ ಬರೆಯುವವಳು ಈ ದ್ವೀಪದಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ನಿನ್ನ ಕಿವಿ ಹೋದಾಗಿನಿಂದ ನಮ್ಮಿಬ್ಬರ ಗುಟ್ಟಿಗೆ ಕಾಗದವೇ ಗತಿ. ಕೂಗಿ ಹೇಳಿದರೆ ನಿನ್ನೊಬ್ಬಳನ್ನು ಬಿಟ್ಟು ಊರಿಗೆಲ್ಲ ಕೇಳಿಸುತ್ತದೆ. ನೀನು ಎರಡು ಸಲ ಬಂದು ಬಾಗಿಲು ಬಡಿದು ಹೋದೆ. ಎರಡು ಸಲವೂ ನಾನು ಒಳಗೇ ಇದ್ದೆ. ಬಾಗಿಲು ತೆಗೆಯುವ ಮುಂಚೆ, ಆ ರೆಸಾರ್ಟಿನಲ್ಲಿ ಏನು ನಡೆಯಿತೆಂದು ನಿನಗೆ ತಿಳಿಯಲಿ ಅಂತ ಬರೆಯುತ್ತಿದ್ದೇನೆ.

ನಿಹಾದ್ ನನ್ನನ್ನು ಕರೆದೊಯ್ಯಲು ಬಂದ ದಿನ ನೀನೇ ನನ್ನ ಚೀಲ ಕಟ್ಟಿಕೊಟ್ಟೆ. ಮಗ ರೆಸಾರ್ಟಿನಲ್ಲಿ ಅಷ್ಟು ದೊಡ್ಡ ಕೆಲಸದಲ್ಲಿದ್ದೂ ಹೆತ್ತವಳು ಒಂದು ದಿನ ಅಲ್ಲಿ ತಂಗಿಲ್ಲ ಅಂದರೆ ಜನ ಏನಂತಾರೆ ಅಂದ. ಮಂಡಿ ನೋವಿಗೂ ಒಳ್ಳೆಯದಂತೆ. ಶನಿವಾರ ಊರ ಸಭೆ ಇದೆಯಲ್ಲೋ ಅಂದದ್ದಕ್ಕೆ, ಅಷ್ಟರೊಳಗೆ ಬಂದುಬಿಡೋಣ ಅಂತ ನಿನ್ನೆದುರಿಗೇ ಹೇಳಿದ. ನಮ್ಮ ಪಡುವಣ ಒಳಗಡಲನ್ನು ತೋಡಿ ಇನ್ನೊಂದು ರೆಸಾರ್ಟು ಕಟ್ಟಲು ಅವನ ಕಂಪನಿಗೆ ಬಿಟ್ಟುಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವ ಸಭೆ. ಬೇಡ ಅಂತ ಎದ್ದು ನಿಲ್ಲುವವಳು ಯಾರೆಂದು ಅವನಿಗೆ ತಿಳಿಯದ್ದೇನಲ್ಲ. ಆದರೂ ಹೆತ್ತ ಹೊಟ್ಟೆ ನೋಡು, ಮಗ ಕರೆದ ಅಂತ ಹೊರಟುಬಿಟ್ಟೆ.

ಸುಳ್ಳೇಕೆ ಹೇಳಲಿ, ಮೊದಲ ದಿನ ನಾನು ಮರುಳಾದೆ. ದಡದಿಂದ ಉದ್ದಕ್ಕೆ ಮರದ ಸೇತುವೆ, ಅದರ ತುದಿಗೆ ನೀರಿನ ಮೇಲೆಯೇ ಕಂಬ ನೆಟ್ಟು ನಿಲ್ಲಿಸಿದ ಮನೆ. ನಮ್ಮ ಅಂಗಳದಷ್ಟು ಅಗಲದ ಹಾಸಿಗೆ. ನೆಲದ ನಡುವೆ ಗಾಜು ಕೂರಿಸಿದ್ದಾರೆ, ಬಗ್ಗಿದರೆ ಕೆಳಗೆ ಕಡಲು. ಸ್ನಾನದ ತೊಟ್ಟಿಯಲ್ಲಿ ಕೂತರೂ ಕಡಲು. ಹೊರಗೆ ಜಗಲಿಯಂಥ ಮರದ ಹಲಗೆ, ಅಲ್ಲಿಂದ ನೀರಿಗೆ ಇಳಿಯಲು ಏಣಿ. ನಿಹಾದ್ ನನ್ನನ್ನು ಹಾಸಿಗೆಯ ಮೇಲೆ ಕೂರಿಸಿ ಫೋಟೋ ತೆಗೆದ, ನೀರಿನ ಮೇಲೆ ಕಟ್ಟಿದ ಬಲೆಯ ಉಯ್ಯಾಲೆಯಲ್ಲಿ ತೆಗೆದ, ಹಣ್ಣಿನ ತಟ್ಟೆ ಕೈಗೆ ಕೊಟ್ಟು ತೆಗೆದ. ನಗಮ್ಮಾ ಅಂದ. ನಕ್ಕೆ. ಬಾಯ್ತುಂಬ ನಕ್ಕೆ, ತಂಗೀ.

ಆಮೇಲೆ ನನ್ನ ಫೋನು ಹಳೆಯದಾಯಿತು, ಹೊಸದು ತರಿಸಿಕೊಡ್ತೀನಿ ಅಂತ ತೆಗೆದುಕೊಂಡು ಹೋದ.

ಅಲ್ಲಿ ನನ್ನನ್ನು ಮೊದಲು ಕಾಡಿದ್ದು ಆ ಮೌನ. ಸುತ್ತ ಕಲ್ಲಿನ ಗೋಡೆ ಕಟ್ಟಿ ಅಲೆಯನ್ನೇ ಹೊರಗೆ ನಿಲ್ಲಿಸಿದ್ದಾರೆ. ನೀರು ಅಲುಗುವುದಿಲ್ಲ, ಎಣ್ಣೆ ಸುರಿದ ಹಾಗೆ ಬಿದ್ದಿರುತ್ತದೆ. ಗಾಳಿ ಮಳೆಯ ಕಾಲವಾದ್ದರಿಂದ ಉಳಿದ ಮನೆಗಳಲ್ಲಿ ನರಪಿಳ್ಳೆಯೂ ಇರಲಿಲ್ಲ. ಆದರೂ ಸಂಜೆಯಾದರೆ ಯಾರೂ ಇಲ್ಲದ ಅಷ್ಟೂ ಮನೆಗಳಿಗೆ ದೀಪ ಹಚ್ಚುತ್ತಿದ್ದರು. ಗಾಜಿನ ಕೆಳಗೆ ಒಂದು ಮೀನೂ ಕಾಣಲಿಲ್ಲ, ಬರೀ ಬಿಳಿ ಮರಳು. ಕೋಣೆ ಗುಡಿಸಲು ಬರುತ್ತಿದ್ದ ವಹೀದಾ ತೆಂಕಣದ ಅಡ್ಡು ದ್ವೀಪದ ಕಡೆಯವಳು, ನನಗಿಂತ ಸ್ವಲ್ಪ ಚಿಕ್ಕವಳು. ಮೀನೆಲ್ಲಿ ಹೋದವು ಅಂತ ಅವಳನ್ನು ಕೇಳಿದೆ.

"ಇಲ್ಲೆಲ್ಲಿ ಮೀನಕ್ಕ? ಅತಿಥಿಗಳು ಬರೋ ದಿನ ಬ್ರೆಡ್ ಹಾಕಿ ಕರೀತಾರೆ. ಪಾಪ, ಒಂದೆರಡು ದಾರಿ ತಪ್ಪಿ ಬರ್ತಾವೆ" ಅಂದಳು. ಹೊರಡುವಾಗ ಬಾಗಿಲ ಹತ್ತಿರ ನಿಂತು, "ನಿಮ್ಮನ್ನ ಇಲ್ಲಿ ಎಷ್ಟು ದಿನ ಇಟ್ಕೋತಾರಂತೆ?" ಅಂತ ಮೆಲ್ಲಗೆ ಕೇಳಿದಳು. ಇರ್ತೀರಿ ಅನ್ನಲಿಲ್ಲ, ಇಟ್ಕೋತಾರೆ ಅಂದಳು.

ಆವತ್ತೇ ದಡದ ಮಸೀದಿಯವರೆಗೆ ಹೋಗಿಬರುತ್ತೇನೆ ಅಂತ ಹೊರಟೆ. ಸೇತುವೆಯ ಬಾಯಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಕಾವಲಿನವನು ಕೂತಿದ್ದ. ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು ಬಗ್ಗಿದ. ಗಾಳಿ ಇದೆ, ಹಲಗೆ ಜಾರುತ್ತದೆ, ಸಾಹೇಬರು ತಮ್ಮನ್ನು ಜೋಪಾನವಾಗಿ ನೋಡಿಕೊಳ್ಳಲು ಹೇಳಿದ್ದಾರೆ ಅಂದ. ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಹಿಂದಕ್ಕೆ ಕಳಿಸಿರಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ನಿಹಾದ್ ಊಟಕ್ಕೆ ಬಂದ. ನನಗಾಗಿಯೇ ಗರುದಿಯಾ ಮೀನಿನ ಸಾರು ಮಾಡಿಸಿದ್ದ, ನಿಂಬೆ, ಮೆಣಸಿನಕಾಯಿ ಎಲ್ಲ ಪಕ್ಕಕ್ಕಿಟ್ಟು. ಸಾಯಂಕಾಲ ಹೊರಡೋಣವೇ ಅಂದೆ. ದೋಣಿಯ ಇಂಜಿನು ಕೆಟ್ಟಿದೆ ಅಂದ. ಇನ್ನೊಂದು ದೋಣಿ? ಕಡಲು ಸರಿಯಿಲ್ಲ ಅಂದ. ಕಿಟಕಿಯಿಂದ ನೋಡಿದರೆ ಕಲ್ಲಿನ ಗೋಡೆಯಾಚೆಯೂ ಕಡಲು ತಟ್ಟೆಯ ಹಾಗೆ ಮಲಗಿತ್ತು.

"ಭಾನುವಾರ ನಾನೇ ಬಿಟ್ಟು ಬರ್ತೀನಮ್ಮ."

"ಸಭೆ ಶನಿವಾರ ಅಲ್ವೇನೋ?"

"ನೀನಿಲ್ದಿದ್ರೂ ಸಭೆ ನಡೆಯುತ್ತೆ."

ಹಾಗೆ ಹೇಳುವಾಗ ಅವನು ನನಗೆ ಪಪ್ಪಾಯ ಹೆಚ್ಚುತ್ತಿದ್ದ. ಒಂದೊಂದು ಬೀಜವನ್ನೂ ಬಿಡಿಸಿ ಬಿಡಿಸಿ ತೆಗೆಯುತ್ತಿದ್ದ. ತಲೆ ಎತ್ತಲಿಲ್ಲ. ಬೈಯಬೇಕೆಂದುಕೊಂಡೆ. ಹೆದರಿದ್ದೆ, ಸನ್ಫಾ. ನಾನು ಎತ್ತಿ ಆಡಿಸಿದ ಮಗುವಿಗೆ ನಾನು ಹೆದರಿದ್ದೆ. ಪಪ್ಪಾಯ ತಿಂದೆ.

ಅವನು ಹೋದ ಮೇಲೆ ಹೊರಗೆ ಬಂದು ಕೂತಿದ್ದಾಗ ನಮ್ಮೂರಿನ ಇದ್ರೀಸ್ ದೋಣಿ ತೆಗೆದುಕೊಂಡು ಬಂದ. ತರಕಾರಿ ಇಳಿಸಿ ಹಿಂತಿರುಗುತ್ತಿದ್ದ. ತೇಲುವ ಕೆಂಪು ಬುಂಡೆಗಳನ್ನು ಪೋಣಿಸಿ ನೀರಿಗೆ ಅಡ್ಡ ಕಟ್ಟಿದ ಹಗ್ಗ ಒಂದಿದೆ, ದೋಣಿಗಳು ಅದರಾಚೆಯಿಂದಲೇ ಹೋಗಬೇಕು. ಕೈಬೀಸಿ ಕರೆದೆ. ಇಂಜಿನು ತಗ್ಗಿಸಿದ, ಆದರೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದ.

"ಸುಖವಾಗಿದ್ದೀಯಾ ಮೂಮಿನಾ? ಇರು, ಇರು. ಹೂಂ ಅಂದೋರಿಗೆ ಒಳ್ಳೆ ಹಾಸಿಗೆ ಸಿಕ್ಕೇ ಸಿಗುತ್ತೆ."

"ಯಾವುದಕ್ಕೋ ಹೂಂ ಅಂದೆ ನಾನು?"

ಆಗ ನನ್ನ ಕಡೆ ನೋಡಿದ. "ನಿನ್ನ ಫೋಟೋ ನೋಡದೇ ಇರೋ ಮನೆ ಊರಲ್ಲಿ ಒಂದೂ ಉಳಿದಿಲ್ಲ. ಮೂಮಿನಾನೇ ಅಲ್ಲಿ ಹೋಗಿ ಕೂತ್ಮೇಲೆ ನಮ್ದೇನಿದೆ ಅಂತಿದ್ದಾರೆ ಹೆಂಗಸರು. ನೀನು ಒಪ್ಪಿಲ್ವಾ ಹಾಗಾದ್ರೆ?"

ಬೆಳಿಗ್ಗೆ ನೀರು ಇಳಿದಿರುತ್ತದೆ, ಹಗ್ಗದಾಚೆ ನಿಂತಿರು, ಏನೇ ಆದರೂ ಬಂದೇ ಬರುತ್ತೇನೆ ಅಂದೆ.

ಶನಿವಾರ ಬೆಳಿಗ್ಗೆ ನೀರು ಇಳಿದಿತ್ತು. ನಮ್ಮ ಒಳಗಡಲಲ್ಲಾದರೆ ಅಂಥ ಹೊತ್ತಿನಲ್ಲಿ ಮೊಣಕಾಲು ನೆನೆಯುವುದಿಲ್ಲ. ಅಮ್ಮನ ಜೊತೆ ನಾರಿಗಾಗಿ ತೆಂಗಿನ ಸಿಪ್ಪೆ ನೆನೆಹಾಕುವ ಗುಂಡಿಗಳಿಗೆ ಹೋಗುತ್ತಿದ್ದೆವಲ್ಲ, ಹಾಗೆ ನಡೆದು ಹಗ್ಗ ಮುಟ್ಟುತ್ತೇನೆ ಅಂದುಕೊಂಡೆ. ಉಟ್ಟ ಬಟ್ಟೆಯಲ್ಲೇ ಏಣಿ ಇಳಿದೆ. ಮೊದಲು ಮರಳು ಸಿಕ್ಕಿತು. ಆಮೇಲೆ ಏನೂ ಸಿಗಲಿಲ್ಲ. ನೀರು ಚೆಂದ ಕಾಣಲೆಂದು ಅಡಿಯನ್ನೆಲ್ಲ ತೋಡಿ ಹಾಕಿದ್ದಾರೆ, ತಂಗೀ. ಕೆಳಗೆ ಗಂಜಿಯಂಥ ಕೆಸರು. ಕಾಲು ಎತ್ತಿದಷ್ಟೂ ಒಳಗೆ ಎಳೆದುಕೊಂಡಿತು. ಸುತ್ತ ನೀರು ಹಾಲಿನ ಹಾಗೆ ಬೆಳ್ಳಗಾಯಿತು. ನನ್ನ ಕೈ ನನಗೇ ಕಾಣಲಿಲ್ಲ. ಹುಟ್ಟಿದಾಗಿನಿಂದ ಕಡಲಲ್ಲಿ ಆಡಿದವಳು ನಾನು, ಆ ಕೊಳದಲ್ಲಿ ಎರಡು ಸಲ ನೀರು ಕುಡಿದೆ.

ಕಾವಲಿನವನು ಕೂಗಿದ್ದು ಕೇಳಿಸಿತು. ಆಮೇಲೆ ಯಾರೋ ಧುಮುಕಿದರು. ಕಂಕುಳಿಗೆ ಕೈಹಾಕಿ ನನ್ನನ್ನು ಮೇಲಕ್ಕೆತ್ತಿದ್ದು ನಿಹಾದ್. ಬೂಟು, ಕೋಟು ಸಮೇತ ಹಾರಿದ್ದ. ಏಣಿ ಹತ್ತಿರದಲ್ಲಿತ್ತು, ಹಗ್ಗ ದೂರ. ಅವನು ಏಣಿಯ ಕಡೆ ತಿರುಗಿದ. ನಾನು ಅವನ ಕತ್ತಿನ ಪಟ್ಟಿ ಹಿಡಿದು, "ಆ ಕಡೆ ಕರ್ಕೊಂಡು ಹೋದ್ರೆ ನಾನು ಮತ್ತೆ ಇಳೀತೀನಿ. ನೀನಿಲ್ದಿದ್ದಾಗ ಇಳೀತೀನಿ" ಅಂದೆ.

ಒಮ್ಮೆ ಏಣಿಯನ್ನೂ ಒಮ್ಮೆ ಹಗ್ಗವನ್ನೂ ನೋಡಿದ. ಆಮೇಲೆ ಹಗ್ಗದ ಕಡೆ ಈಜತೊಡಗಿದ. ನನ್ನ ಮಗ ನನ್ನ ಪಾಲಿಗೆ ಬಂದ ಅಂತ ಎಷ್ಟು ಸಂತೋಷವಾಯಿತು ಗೊತ್ತೇ? ಇದ್ರೀಸ್ ನನ್ನನ್ನು ದೋಣಿಗೆ ಎಳೆದುಕೊಂಡ ಮೇಲೆ ನಿಹಾದ್ ಬುಂಡೆ ಹಿಡಿದು ನೀರಿನಲ್ಲೇ ನಿಂತು ಹೇಳಿದ:

"ಹೋಗಮ್ಮ. ಹೋದ್ರೂ ಏನೂ ಆಗಲ್ಲ. ಮರಳು ಹೀರೋ ಯಂತ್ರ ನಿನ್ನೆನೇ ಊರಿಗೆ ತಲುಪಿದೆ."

ನಿಜವೇ ಆಗಿತ್ತು. ನಮ್ಮ ದಂಡೆಯ ತಿರುವು ದಾಟುತ್ತಲೇ ಮರಳು ಹೀರುವ ಹಡಗು ಕಂಡಿತು, ಸಭೆಗೆ ಇನ್ನೂ ಜನ ಸೇರುವ ಮುಂಚೆಯೇ ಲಂಗರು ಹಾಕಿ ನಿಂತಿತ್ತು.

ಸಭೆಯಲ್ಲಿ ನಡೆದದ್ದನ್ನು ನೀನೂ ನೋಡಿದೆ, ಆಡಿದ ಮಾತು ನಿನಗೆ ಕೇಳಿಸಿರಲಿಕ್ಕಿಲ್ಲ. ನಾನು ಒಪ್ಪಿಲ್ಲ ಅಂದೆ. ಆ ಕಡೆಯ ನೀರು ಸತ್ತಿದೆ, ನಮ್ಮದೂ ಸಾಯುತ್ತದೆ, ಸಿಪ್ಪೆಯ ಗುಂಡಿ ಹೋದರೆ ಹಗ್ಗ ಹೊಸೆಯುವ ಹೆಂಗಸರು ಏನು ಮಾಡಬೇಕು, ದೊಡ್ಡ ಅಲೆ ಬಂದ ದಿನ ಯಾವುದು ತಡೆಯುತ್ತದೆ ಅಂತ ಕೇಳಿದೆ. ಒದ್ದೆ ಬಟ್ಟೆಯಲ್ಲಿ ನಿಂತು ಕೇಳಿದೆ. ಆಗ ನಮ್ಮ ಫಾತುನ್ ಎದ್ದಳು. ನಿನ್ನ ಮದುವೆಯ ಅಡುಗೆ ಮಾಡಿದ ಫಾತುನ್.

"ನೀನು ಮಲಗಿ ಎದ್ದು ಬಂದ ಹಾಸಿಗೆ ನಮ್ಮ ಮಕ್ಕಳಿಗೆ ಬೇಡ್ವೇನೆ ಮೂಮಿನಾ? ನೀನು ನಕ್ಕಿದ್ದು ನಾವು ನೋಡಿಲ್ವಾ?"

ನಕ್ಕದ್ದು ನಿಜ. ಕಂಪನಿಯ ಪರವಾಗಿ ಒಂದೊಂದಾಗಿ ಕೈಗಳು ಮೇಲೆದ್ದವು. ಎಣಿಸುವ ಅಗತ್ಯವೂ ಬೀಳಲಿಲ್ಲ.

ಅಂದಿನಿಂದ ಆ ಯಂತ್ರ ಹಗಲೂ ಇರುಳೂ ಗುರುಗುಡುತ್ತಿದೆ. ಹಲ್ಲು ಕಡಿಯುವ ಸದ್ದು. ಬಾವಿಯಿಂದ ಸೇದಿ ನೆಲಕ್ಕಿಟ್ಟರೆ ಬಕೆಟ್ಟಿನ ನೀರೂ ನಡುಗುತ್ತದೆ. ನಿಹಾದ್ ಇನ್ನೂ ಬಂದಿಲ್ಲ. ಕೆಲಸದಿಂದ ತೆಗೆದರು ಅಂತ ಒಬ್ಬರು, ಮೇಲಿನ ಹುದ್ದೆ ಕೊಟ್ಟರು ಅಂತ ಇನ್ನೊಬ್ಬರು. ಯಾವುದು ನಿಜವಾಗಲಿ ಅಂತ ದುವಾ ಮಾಡಲಿ? ನನಗೆ ತಿಳಿಯದು. ಆ ಕೆಸರಿನಿಂದ ನನ್ನನ್ನು ಎತ್ತಿದ್ದು ಅವನೇ, ನನ್ನನ್ನು ಅಲ್ಲಿ ಇಟ್ಟವನೂ ಅವನೇ.

ಅಲ್ಲಾಹನು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಮೂಮಿನಾ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತು ಬರೆಯಲು ಕೈ ಬರಲಿಲ್ಲ. ಆ ಫೋಟೋವನ್ನು ಮನೆಮನೆಗೆ ಹೊತ್ತು ತೋರಿಸಿದವರು ಯಾರೆಂದು ದೋಣಿಯಲ್ಲಿ ಇದ್ರೀಸನನ್ನು ಕೇಳಿದೆ. ಅವನು ನಿನ್ನ ಹೆಸರು ಹೇಳಿದ. ನಮ್ಮಕ್ಕ ರಾಣಿಯ ಹಾಗಿದ್ದಾಳೆ ನೋಡಿ ಅಂತ ತೋರಿಸಿದೆಯಂತೆ. ಅಷ್ಟೇ ಆಗಿದ್ದರೆ ನನಗೆ ನಿನ್ನ ಮೇಲೆ ಕೋಪವಿಲ್ಲ. ಆದರೆ ನಿಹಾದ್ ಆ ಫೋಟೋದ ಜೊತೆಗೆ ನಿನ್ನ ಕೈಗೆ ಇನ್ನೇನು ಕೊಟ್ಟ? ಕಾಗದದಲ್ಲಿ ಉತ್ತರಿಸಬೇಡ. ಬಾ, ಅಗಳಿ ತೆಗೆದಿಟ್ಟಿದ್ದೇನೆ. ನನ್ನ ಮುಖ ನೋಡಿಕೊಂಡು ಹೇಳು.