ಕಪ್ಪು ಗೋಡೆಯ ಕಾಲೇಜಿಗೆ ಒಂದು ಅರ್ಜಿ

ಏಪ್ರಿಲ್ ೪, ಬೆಳಿಗ್ಗೆ

ಎಂದಿನಂತೆ ಪೆನ್ನು ಬಿಚ್ಚಿ ತೊಳೆದು, ನಿಬ್ಬನ್ನು ಬಟ್ಟೆಗೆ ಒತ್ತಿ, ಕಿಟಕಿಯ ಅಂಚಿನಲ್ಲಿ ಒಣಗಲಿಟ್ಟದ್ದಾಯಿತು. ಈ ದಿನಚರಿ ಬಿಟ್ಟರೆ ಬರೆಯಲು ಏನೂ ಇಲ್ಲ, ಇದಕ್ಕೆ ಪೆನ್ಸಿಲ್ ಸಾಕು. ಕಚೇರಿಯ ಜಗಲಿಯಲ್ಲಿ ಮೇಜು ಹಾಕಿಕೊಂಡು ಕಂಡವರ ಅರ್ಜಿ ಬರೆದುಕೊಡುವ ವೃತ್ತಿಯನ್ನು ಬಿಟ್ಟ ಮೇಲೂ ಕೈ ತನ್ನ ಕ್ರಮವನ್ನು ಬಿಟ್ಟಿಲ್ಲ. ಇರಲಿ. ಕೈಗೂ ಒಂದು ಮರ್ಯಾದೆ ಇದೆ.

ಮೊಮ್ಮಗಳು ಊಟದ ಮೇಜಿನ ತುಂಬ ಕಾಲೇಜುಗಳ ಪುಸ್ತಿಕೆಗಳನ್ನು ಹರಡಿದ್ದಾಳೆ. ಹುಟ್ಟಿದಾಗ ಮುಖ ದುಂಡಗಿತ್ತೆಂದು ಮನೆಯಲ್ಲಿ ಇವಳನ್ನು ಸೊನ್ನೆ ಎಂದೇ ಕರೆಯುವುದು. ಸದರಿ ಸೊನ್ನೆಗೆ ಅಪ್ಲೈಡ್ ಮ್ಯಾಥ್ಸ್‌ನಲ್ಲಿ ಪದವಿ ಪಡೆಯಬೇಕೆಂಬ ಹಂಬಲ. ಹಾಗೆಂದರೇನು ಎಂದು ವಿಚಾರಿಸಲಾಯಿತು.

"ಆ ಪರದೆ ನೋಡು ತಾತ. ಗಾಳಿಗೆ ಉಬ್ಬುತ್ತೆ, ಇಳಿಯುತ್ತೆ. ಹೇಗೆ ಉಬ್ಬುತ್ತೆ ಅಂತ ಬರೆದಿಡಬಹುದು."

"ಬರೆದು ಯಾರಿಗೆ ಸಲ್ಲಿಸೋದು?"

"ಯಾರಿಗೂ ಇಲ್ಲ. ಸುಮ್ನೆ ಗೊತ್ತಾಗುತ್ತೆ, ಅಷ್ಟೆ."

ಯಾರಿಗೂ ಸಲ್ಲಿಸದ ಬರಹ... ಬಹಳ ಹೊತ್ತು ಪರದೆಯನ್ನೇ ನೋಡುತ್ತ ಕುಳಿತೆ. ಉಬ್ಬಿತು. ಇಳಿಯಿತು. ಕಾಫಿ ಆರಿಹೋಯಿತು.

ಏಪ್ರಿಲ್ ೬, ಸಂಜೆ

ಮಗ ಲಿಫ್ಟ್ ರಿಪೇರಿಯ ಕೆಲಸ ಮುಗಿಸಿ ಬಂದ. ಕೈಯ ಗ್ರೀಸ್ ತೊಳೆಯುವ ಮೊದಲೇ ಮಾತು ಶುರು.

"ಗಣಿತ ಓದಿ ಏನು ಮಾಡ್ತಾಳೆ? ಪಕ್ಕದ ಬೀದೀಲೇ ಕಾಲೇಜಿದೆ, ಕಾಮರ್ಸ್ ಇದೆ. ನಡ್ಕೊಂಡು ಹೋಗಿ ನಡ್ಕೊಂಡು ಬರಲಿ."

"ನೀನು ನೋಡ್ಕೊಳ್ಳೋ ಲಿಫ್ಟು ಜನಾನ ಅಷ್ಟೊತ್ತು ಯಾಕೆ ಕಾಯಿಸುತ್ತೆ ಅನ್ನೋದೂ ಗಣಿತಾನೇ ಅಪ್ಪ" ಎಂದಳು ಸೊನ್ನೆ.

"ಅದು ಗಣಿತ ಅಲ್ಲಮ್ಮ. ನಾಲ್ಕನೇ ಮಹಡಿಯವರು ಬಾಗಿಲು ಹಿಡ್ಕೊಂಡು ಹರಟೆ ಹೊಡೀತಾರೆ."

ಸೊಸೆ ಔಷಧಿ ಅಂಗಡಿಯ ಕೌಂಟರಿನಲ್ಲಿ ದುಡಿಯುವವಳು. ಅವಳ ಮಾತಿಗೆ ತೂಕವಿದೆ. "ಡಬ್ಬದ ಮೇಲಿನ ಹೆಸರಿಗೆ ದುಡ್ಡು ಕೊಡಬಾರದು ಮಾವ. ಒಳಗೇನಿದೆ ನೋಡಬೇಕು. ಕಾಲೇಜೂ ಹಾಗೇ."

ಕೊನೆಗೆ ಆದ ತೀರ್ಮಾನ: ಮನೆಗೆ ಹೊರೆಯಾಗದ, ಕೊಟ್ಟ ಶುಲ್ಕ ನೀರುಪಾಲಾಗದ ಕಾಲೇಜೊಂದರಲ್ಲಿ ಮೇ ತಿಂಗಳು ಕಳೆಯುವುದರೊಳಗೆ ಸೀಟು ಸಿಗುವ ಭರವಸೆ ದೊರೆಯಬೇಕು. ತಪ್ಪಿದಲ್ಲಿ ಪಕ್ಕದ ಬೀದಿಯ ಕಾಮರ್ಸ್. ಸದರಿ ಕಾರ್ಯದ ಹೊಣೆಯನ್ನು ನಾನೇ ಹೊತ್ತೆ. ನನ್ನ ಕೈಯ ಅರ್ಜಿ ಇಂದಿನವರೆಗೆ ಯಾವ ಮೇಜಿನಿಂದಲೂ ಹಿಂದಕ್ಕೆ ಬಂದಿಲ್ಲವೆಂಬುದನ್ನು ಎಲ್ಲರ ಗಮನಕ್ಕೆ ತಂದೆ. ಮಗ ತಟ್ಟೆ ನೋಡಿಕೊಂಡು ನಕ್ಕ.

ಏಪ್ರಿಲ್ ೧೧

ಅರ್ಜಿ ಬರೆಯುವ ಮುನ್ನ ಆ ಕಚೇರಿಯ ಜಗಲಿಯಲ್ಲಿ ಅರ್ಧ ದಿನ ಕುಳಿತು ಬಾ — ನನಗೆ ಅರ್ಜಿ ಬರಹ ಕಲಿಸಿದ ಗುರುಗಳ ಮಾತು. ಗೋಡೆ ಸುಳ್ಳು ಹೇಳುತ್ತದೆ, ಜಗಲಿ ಹೇಳುವುದಿಲ್ಲ. ಆ ಪ್ರಕಾರ ಸೊನ್ನೆಯೊಡನೆ ಮೊದಲ ಕಾಲೇಜಿಗೆ ಭೇಟಿ.

ಗಾಜಿನ ಕಟ್ಟಡ. ಒಳಗೇ ಕಾರಂಜಿ. ಸ್ವಾಗತಕ್ಕೆ ನಿಂತಿದ್ದ ಹುಡುಗಿ ಈಜುಕೊಳ ತೋರಿಸಿದಳು, ಸಿನಿಮಾ ಕೋಣೆ ತೋರಿಸಿದಳು. ಗಣಿತ ವಿಭಾಗ ಎಲ್ಲಿ ಎಂದು ಕೇಳಿದ್ದಕ್ಕೆ ಅವಳಿಗೂ ಹುಡುಕಬೇಕಾಯಿತು. ಮೂಲೆಯ ಒಂದು ಕೋಣೆ, ಬೀಗ. ಕಾರಂಜಿಗೆ ನೀರಿದೆ, ಗಣಿತಕ್ಕೆ ಬೀಗವಿದೆ.

"ಶುಲ್ಕ ಸ್ವಲ್ಪ ಜಾಸ್ತಿ ಅನ್ನಿಸಬಹುದು ತಾತ. ಆದ್ರೆ ಎಕ್ಸ್‌ಪೋಷರ್ ಸಿಗುತ್ತೆ" ಎಂದಳು ಆ ಹುಡುಗಿ.

ಹೊರಗೆ ಬಂದ ಮೇಲೆ ಸೊನ್ನೆ ಎಂದಳು: "ಆ ಕಾರಂಜಿಯ ಒಂದೊಂದು ಹನೀನೂ ಬೇರೆ ಬೇರೆ ದಾರಿ ಹಿಡಿಯುತ್ತೆ ತಾತ, ನೋಡಿದ್ಯಾ? ಅದೊಂದೇ ಅಲ್ಲಿ ಇಷ್ಟ ಆಗಿದ್ದು."

ಏಪ್ರಿಲ್ ೧೩

ಎರಡನೆಯ ಕಾಲೇಜು. ಅತಿ ಅಗ್ಗ. ಕೊನೆಯ ವರ್ಷದ ಪಾಠ ಯಾರು ಮಾಡುತ್ತಾರೆ ಎಂದು ಸೊನ್ನೆ ಕೇಳಿದಳು. ಗುಮಾಸ್ತ ತಲೆಯೆತ್ತದೆ "ಬರ್ತಾರೆ" ಎಂದ. ಕಲಿತು ಹೋದವರು ಈಗ ಎಲ್ಲಿದ್ದಾರೆ ಎಂದು ಕೇಳಿದಳು. "ಇದಾರೆ" ಎಂದ.

ಈ 'ಬರ್ತಾರೆ' ನನಗೆ ಚಿರಪರಿಚಿತ. ಇದನ್ನು ನಂಬಿ ಕಚೇರಿಯ ಜಗಲಿಯಲ್ಲಿ ಮುದುಕರಾದವರನ್ನು ಕಂಡಿದ್ದೇನೆ. ಅಗ್ಗವಾದದ್ದೆಲ್ಲ ಲಾಭವಲ್ಲ. ಮರಳಿದೆವು. ಬಸ್ಸಿನಲ್ಲಿ ಸೊನ್ನೆ ಕಿಟಕಿಯ ಧೂಳಿನ ಮೇಲೆ ಬೆರಳಿನಿಂದ ಏನೋ ಗೀಚಿದಳು. ಅದರ ಮೂಲಕ ಬೀದಿದೀಪಗಳು ಒಂದೊಂದಾಗಿ ಹಾದುಹೋದವು.

ಏಪ್ರಿಲ್ ೧೮

ನದಿಯಾಚೆಯ ಹಳೆಯ ಕಾಲೇಜು. ಗಾರೆ ಉದುರಿದೆ. ಆದರೆ ಗಣಿತ ವಿಭಾಗದ ಮೊಗಸಾಲೆಯ ಗೋಡೆಗಳಿಗೆ ಈ ತುದಿಯಿಂದ ಆ ತುದಿಯವರೆಗೆ ಕಪ್ಪು ಬಣ್ಣ ಬಳಿದಿದ್ದಾರೆ. ಯಾರು ಬೇಕಾದರೂ ಬರೆಯಬಹುದು. ಹುಡುಗ ಹುಡುಗಿಯರು ಗೋಡೆಯ ಮುಂದೆ ನಿಂತು ಜಗಳವಾಡುತ್ತಿದ್ದರು. ಜಗಳದ ವಿಷಯ: ಪ್ರವಾಹದ ನೀರು ಸೇತುವೆಯ ಕಂಬವನ್ನು ಹೇಗೆ ಬಳಸಿ ಹೋಗುತ್ತದೆ ಎಂಬುದು. ಮೆಟ್ಟಿಲ ಮೇಲೆ ಕಡಲೆಕಾಯಿ ಸುಲಿಯುತ್ತ ಕುಳಿತಿದ್ದ ಹೆಂಗಸೇ ವಿಭಾಗದ ಮುಖ್ಯಸ್ಥೆಯಂತೆ.

"ಮೇಡಂ, ನಾನೂ ಬರೀಬಹುದಾ?" ಎಂದಳು ಸೊನ್ನೆ.

"ಸೀಮೆಸುಣ್ಣ ಅಲ್ಲಿದೆ. ತಪ್ಪಾದ್ರೆ ಒರೆಸೋ ಬಟ್ಟೆ ಇಲ್ಲ, ಕೈಯಲ್ಲೇ ಒರೆಸ್ಬೇಕು."

ಬೆಂಚಿನ ಮೇಲೆ ಕುಳಿತವನಿಗೆ ತೂಕಡಿಕೆ ಬಂತು. ಕನಸು. ನನ್ನ ಹಳೆಯ ಮೇಜಿನ ಮುಂದಿನ ಸಾಲು ಆ ಮೊಗಸಾಲೆಯೊಳಗೇ ನಿಂತಿತ್ತು. ಯಾರ ಕೈಯಲ್ಲೂ ಕಾಗದವಿಲ್ಲ. ಎಲ್ಲರೂ ನೀರಿನಂತೆ ಮೆಲ್ಲಗೆ ಚಲಿಸುತ್ತಿದ್ದರು. ನನ್ನ ಮೇಜು ಕಂಬದಂತೆ ನಡುವೆ ನಿಂತಿತ್ತು, ಸಾಲು ಅದನ್ನು ಬಳಸಿಕೊಂಡು ಹಾದುಹೋಗುತ್ತಿತ್ತು... ಎಚ್ಚರವಾದಾಗ ಸೊನ್ನೆಯ ಕೂದಲಲ್ಲೆಲ್ಲ ಸುಣ್ಣದ ಪುಡಿ. ಅವಳ ಮುಖದಲ್ಲಿ ಅಂಥ ಬೆಳಕನ್ನು ನಮ್ಮ ಮನೆಯಲ್ಲಿ ನಾನು ಕಂಡಿಲ್ಲ.

ವಿಚಾರಿಸಲಾಗಿ ತಿಳಿದುಬಂದದ್ದು: ಪಾಠ ಮಾಡುವವರು ಅಲ್ಲೇ ಬೇರು ಬಿಟ್ಟವರು. ಕಲಿತವರು ಹವಾಮಾನ ಕೇಂದ್ರದಲ್ಲಿದ್ದಾರೆ, ರೈಲು ವೇಳಾಪಟ್ಟಿ ಮಾಡುವಲ್ಲಿದ್ದಾರೆ, ಆಸ್ಪತ್ರೆಗಳಲ್ಲಿದ್ದಾರೆ. ದಿನವೂ ಓಡಾಡಲು ದೂರವಾದರೂ ಹಾಸ್ಟೆಲ್ ಅಗ್ಗ. ಆಯ್ಕೆಯಾದ ಕೆಲವರಿಗೆ ಬೋಧನಾ ಶುಲ್ಕ ಪೂರ್ಣ ಮಾಫಿ. ಆಯ್ಕೆಗೆ ಒಂದು ಪುಟದ ನಿವೇದನೆ, ನಂತರ ಸಂದರ್ಶನ. 'ಈ ವಿಷಯವನ್ನೇ ಏಕೆ ಓದಬಯಸುತ್ತೀರಿ?'

ಒಂದು ಪುಟ! ನನ್ನ ಹೊಲಕ್ಕೇ ಮಳೆ ಬಂದಂತಾಯಿತು.

ಏಪ್ರಿಲ್ ೨೦, ಮಧ್ಯಾಹ್ನ

ಬರೆದೆ. ಹೊಸ ಹಾಳೆ, ಅಂಚಿಗೆ ಅಳತೆ ಬಿಟ್ಟು. ಇಷ್ಟು ಸುಖ ಅನುಭವಿಸಿ ಎಷ್ಟು ಕಾಲವಾಯಿತೋ. 'ದಿಕ್ಕುದೆಸೆಯಿಲ್ಲದವಳೂ, ಹೆತ್ತವರ ಆಸರೆಯಿಂದ ವಂಚಿತಳೂ, ಬಡತನದ ಬೇಗೆಯಲ್ಲಿ ಬೆಂದವಳೂ ಆದ ಈ ಅರ್ಜಿದಾರಳು ತಮ್ಮ ಪಾದಗಳಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ...' ಎಂದು ಆರಂಭ. ವಾಕ್ಯವು ಪುಟದ ಮುಕ್ಕಾಲು ಭಾಗ ನಡೆದು, ಎಲ್ಲಿಯೂ ಎಡವದೆ, 'ಕೃಪೆದೋರಬೇಕು' ಎಂಬಲ್ಲಿ ನಿಂತಿತು.

ಸೊನ್ನೆ ಓದಿದಳು. "ತಾತ, ಅಪ್ಪ ಅಮ್ಮ ಇಬ್ರೂ ಒಳಗೆ ಟೀವಿ ನೋಡ್ತಿದಾರೆ."

"ಅದು ಅರ್ಜಿಯ ಶಾಸ್ತ್ರ. ದಿಕ್ಕಿಲ್ಲದವರು ಎನ್ನದೆ ಯಾವ ಅರ್ಜಿಯೂ ಬಾಗಿಲು ದಾಟೋದಿಲ್ಲ. ಸಾಹುಕಾರನಿಗೂ ಹಾಗೇ ಬರೆದಿದ್ದೇನೆ."

"ಗಣಿತ ಎಲ್ಲಿ ಬರುತ್ತೆ?"

"ವಿಷಯ ಎಂಬಲ್ಲಿ ಬಂದಿದೆ, ನೋಡು. ಮೇಲ್ಗಡೆ."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ನಾನು ತೋರಿಸಿದಲ್ಲಿ ಸಹಿ ಮಾಡಿದಳು. ನನ್ನ ಮೇಜಿನ ಮುಂದೆ ನಿಂತವರೆಲ್ಲ ಹೀಗೇ ಮಾಡುತ್ತಿದ್ದರು. ಅಂಚೆಗೆ ಹಾಕಲಾಯಿತು.

ಮೇ ೨

ಬರೆಯುವ ಮನಸ್ಸಿಲ್ಲ. ಆದರೂ ದಾಖಲಾಗಬೇಕು.

ಬೆಳಿಗ್ಗೆ ಕಾಲೇಜಿನಿಂದ ಫೋನ್. ಎತ್ತಿದವನು ಮಗ. ಕಡಲೆಕಾಯಿಯ ಮೇಡಂ. ಹುಡುಗಿಯನ್ನು ಸಾಕುತ್ತಿರುವವರ ಹತ್ತಿರ ಮಾತಾಡಬೇಕು ಎಂದರಂತೆ, ಬಹಳ ಮೃದುವಾಗಿ.

"ನಾನು ಅವಳ ಅಪ್ಪ" ಎಂದ ಮಗ.

ಆ ಕಡೆ ಕಾಗದ ಮಗುಚಿದ ಸದ್ದು. ಆಮೇಲೆ ಏನೋ ಕೇಳಿಸಿತು. ಮಗ ನನ್ನ ಕಡೆ ತಿರುಗಿ ನೋಡಿದ.

ಅವರು ಹೇಳಿದ್ದು ಇಷ್ಟು: ಪುಟದಲ್ಲಿ ದುಃಖ ತುಂಬಿದೆ, ಹುಡುಗಿಯೇ ಇಲ್ಲ. ನಿವೇದನೆಯನ್ನು ಹಿಂದಿರುಗಿಸುತ್ತಿದ್ದಾರೆ. ಅವತ್ತು ಗೋಡೆಯ ಮೇಲೆ ಬರೆದ ಹುಡುಗಿಯೇ ಇವಳೆಂದು ನೆನಪಿದ್ದುದರಿಂದ ಇನ್ನೊಂದು ಅವಕಾಶ. ಈ ವಾರದೊಳಗೆ, ಅವಳದೇ ಮಾತು, ಅವಳದೇ ಕೈಬರಹ.

ಮಗ ಫೋನ್ ಇಟ್ಟ. "ಒಂದೇ ಸಾಲಲ್ಲಿ ನಮ್ಮಿಬ್ಬರನ್ನೂ ಮುಗಿಸಿಬಿಟ್ರಲ್ಲಪ್ಪ."

"ಅದು ಶಾಸ್ತ್ರ..." ಎಂದೆ.

"ಬೆಳಗಿಂದ ಸಾಯಂಕಾಲದವರೆಗೆ ಆ ಲಿಫ್ಟ್ ಓಡಾಡೋ ಗುಂಡಿಯೊಳಗೆ ನೇತಾಡೋದು ಯಾರಿಗೋಸ್ಕರ? ಆಸರೆ ಇಲ್ಲವಂತೆ." ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ವಾಪಸು. ನನ್ನ ಕೈಯ ಅರ್ಜಿ.

ಮೇ ೩

ಛಾಪಾ ಕಾಗದ ಮಾರುತ್ತಿದ್ದ ಗೆಳೆಯ ಬಂದಿದ್ದ. ಜಗಲಿಯಲ್ಲಿ ಪಕ್ಕದ ಮೇಜು ಅವನದು. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ನೀನು ಮದುವೆ ಕರೆಯೋಲೆ ಬರೆದ್ರೂ ಓದಿದವರು ಸಂತಾಪ ಸೂಚಿಸಿ ಹೋಗ್ತಿದ್ರು ಕಣಯ್ಯ."

"ಎಲ್ಲ ಕೆಲಸ ಆಗಿದೆ ಆ ಬರಹದಿಂದ."

"ಆಗಿದೆ. ಇಲ್ಲ ಅಂದ್ನಾ? ಆದ್ರೆ ಅಲ್ಲಿ ಬಂದವರು ಏನೋ ಕಳ್ಕೊಂಡು ಬಂದಿದ್ರು. ಈ ಮಗು ಏನು ಕಳ್ಕೊಂಡಿದೆ?"

ಅವನು ಹೋದ ಮೇಲೂ ಆ ಪ್ರಶ್ನೆ ಕುರ್ಚಿಯಲ್ಲೇ ಕುಳಿತಿತ್ತು.

ಮೇ ೪, ಸಂಜೆ

ಮಹಡಿಯ ಮೇಲೆ ಬಟ್ಟೆಗಳು ಒಣಗುತ್ತಿದ್ದವು. ಬಿಳಿಯ ಹಾಸುಗೆ ಬಟ್ಟೆಗಳು ಹಾಯಿಗಳಂತೆ ತುಂಬಿಕೊಂಡು ಇಡೀ ಮನೆಯೇ ಎಲ್ಲಿಗೋ ತೇಲುತ್ತಿದೆ ಎನಿಸಿತು. ಸೊನ್ನೆ ನನ್ನ ಹಳೆಯ ಮಡಿಸುವ ಮೇಜನ್ನು ತಂದು ಹಾಕಿದಳು. ತಾನು ಒಳಬದಿಗೆ ಕುಳಿತಳು.

"ತಾತ, ನೀನು ಆ ಕಡೆ ಕೂತ್ಕೊ."

ಆ ಕಡೆ ಎಂದರೆ ಅರ್ಜಿ ಬರೆಸಲು ಬಂದವರು ಕೂರುವ ಕಡೆ. ನಾನು ಎಂದೂ ಅಲ್ಲಿ ಕುಳಿತವನಲ್ಲ. ಕುಳಿತೆ. ಮೇಜು ಬಹಳ ಎತ್ತರವಾಗಿ ಕಂಡಿತು.

"ನಿನ್ನ ಮುಂದೆ ಸಾಲು ನಿಲ್ತಿತ್ತಲ್ಲ, ಅದು ಹೇಗಿರ್ತಿತ್ತು ಹೇಳು."

ಹೇಳಿದೆ. ಕೆಲವು ದಿನ ಹರಿಯುತ್ತಿತ್ತು, ಕೆಲವು ದಿನ ಕಲ್ಲಾಗುತ್ತಿತ್ತು. ಜನ ಅಷ್ಟೇ ಇದ್ದರೂ. ಕಚೇರಿಯೊಳಗಿನ ಕಿಟಕಿಗಳಿಗೆ ಬೇರೆ ಬೇರೆ ಸಾಲು ಮಾಡಿದರೆ ಎಲ್ಲರೂ ಪಕ್ಕದ ಸಾಲನ್ನೇ ನೋಡುತ್ತ ಸಿಟ್ಟಾಗುತ್ತಿದ್ದರು. ಒಂದೇ ಸಾಲು ಮಾಡಿ ಬಿಡುವಾದ ಕಿಟಕಿಗೆ ಕಳಿಸಿದ ದಿನ ಯಾರೂ ಜಗಳವಾಡುತ್ತಿರಲಿಲ್ಲ.

"ಯಾಕೆ ಅಂತ ಯೋಚನೆ ಮಾಡಿದ್ಯಾ?"

"ಇಲ್ಲ. ನಾನು ಬರೀತಿದ್ದೆ."

"ಅದಕ್ಕೆ ಒಂದು ಪಾಠಾನೇ ಇದೆ ತಾತ, ಸಾಲುಗಳ ಬಗ್ಗೆ. ಕೊನೇ ವರ್ಷದಲ್ಲಿ." ಅವಳ ಪೆನ್ಸಿಲ್ಲು ಓಡುತ್ತಿತ್ತು. "ಈಗ ಸ್ವಲ್ಪ ಸುಮ್ನಿರು, ಬರ್ಕೊಳ್ತೀನಿ."

ಸುಮ್ಮನಿದ್ದೆ. ಹಾಸುಗೆ ಬಟ್ಟೆಗಳ ನಡುವೆ ಬೆಳಕು ಹೋಗುತ್ತ ಬರುತ್ತ ಇತ್ತು. ನನ್ನ ಮುಂದೆ ಕುಳಿತವರಿಗೆಲ್ಲ ಹೀಗೆಯೇ ಅನಿಸುತ್ತಿತ್ತೇನೋ — ತಮ್ಮ ಬದುಕು ಇನ್ನೊಬ್ಬರ ಕೈಯಲ್ಲಿ ಅಕ್ಷರವಾಗುವುದನ್ನು ತಲೆಕೆಳಗಾಗಿ ಓದಲು ಯತ್ನಿಸುತ್ತ.

ಮೇ ೫

ಅವಳ ಪುಟವನ್ನು ಓದಲು ಕೊಟ್ಟಳು. ಅಕ್ಷರ ಅಂಕುಡೊಂಕು. ಅಂಚು ಬಿಟ್ಟಿಲ್ಲ. ಎರಡು ಕಡೆ ಕಾಗುಣಿತ ತಪ್ಪು. ಕೈ ತುರಿಸಿತು. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಓದಿದೆ.

'ನಮ್ಮ ತಾತ ಸಾಲಿನ ತಲೆಯ ಹತ್ತಿರ ಕೂತು ಒಬ್ಬೊಬ್ಬರನ್ನೇ ನೋಡುತ್ತಿದ್ದರು. ನಮ್ಮಪ್ಪ ಲಿಫ್ಟ್ ಇಳಿಯುವ ಗುಂಡಿಯಲ್ಲಿ ನಿಂತು, ಮೇಲೆ ಕಾಯುವವರ ಕಾಲುಗಳನ್ನು ಮಾತ್ರ ನೋಡುತ್ತಾರೆ. ಇಡೀ ಸಾಲನ್ನು ಒಟ್ಟಿಗೆ ನೋಡುವುದು ಹೇಗೆ ಎಂದು ನನಗೆ ತಿಳಿಯಬೇಕು.'

ಬೇಡಿಕೆ ಎಲ್ಲಿದೆ ಎಂದು ಹುಡುಕಿದೆ. ಇರಲಿಲ್ಲ. ಪಾದವಿಲ್ಲ, ಕೃಪೆಯಿಲ್ಲ. ನೆಟ್ಟಗೆ ನಿಂತಿದ್ದ ಪುಟ.

"ತಿದ್ದಬೇಕಾ ತಾತ?"

"ಬೇಡ. ಹೋಗಿ ಅಂಚೆಗೆ ಹಾಕು."

ಮೇ ೧೯

ಸಂದರ್ಶನ. ಮಗ ರಜೆ ಹಾಕಿ ತಾನೇ ಬರುತ್ತೇನೆಂದ. ಇಸ್ತ್ರಿ ಮಾಡಿದ ಅಂಗಿ. ಮೆಟ್ಟಿಲ ಮೇಲೆ ಕುಳಿತಿದ್ದ ಮೇಡಂಗೆ ಕೈಮುಗಿದ.

"ನಮಸ್ಕಾರ ಮೇಡಂ. ನಾನೇ ಆ ಇಲ್ಲದೇ ಇರೋ ಅಪ್ಪ."

ಅವರು ನಕ್ಕ ನಗೆಗೆ ಕಡಲೆಕಾಯಿ ಸಿಪ್ಪೆಗಳು ಮಡಿಲಿಂದ ಹಾರಿದವು. ನನ್ನ ಕಡೆ ತಿರುಗಿ, "ಬರಹ ಮುತ್ತಿನ ಹಾಗಿತ್ತು ಯಜಮಾನರೇ. ಓದಿ ನಿಜವಾಗ್ಲೂ ಅತ್ತುಬಿಟ್ಟೆ" ಎಂದರು. ಸಂತೋಷವಾಯಿತು, ಸುಳ್ಳು ಹೇಳಲಾರೆ.

ಸೊನ್ನೆ ಒಳಗೆ ಹೋದಳು. ಬಾಗಿಲು ಮುಚ್ಚಿತು. ಮಗ ಕೂರಲಿಲ್ಲ. ಕಪ್ಪು ಗೋಡೆಯುದ್ದಕ್ಕೂ ನಡೆದ. ಅದರ ಮೇಲೆ ಯಾರೋ ಅಲೆಗಳಂಥ ಗೆರೆಗಳನ್ನು ಎಳೆದಿದ್ದರು. ಒಂದು ಗೆರೆಯ ಜೊತೆಗೇ ಬೆರಳಾಡಿಸುತ್ತ, ಮುಟ್ಟದೆ, ತುದಿಯವರೆಗೆ ಹೋದ. ಮತ್ತೆ ಬಂದ.

"ಏನೂ ಅರ್ಥ ಆಗಲ್ಲ ಅಪ್ಪ. ಆದ್ರೆ ಒಳಗೆ ಏನೋ ಇದೆ" ಎಂದ. ಸೊಸೆಯ ಡಬ್ಬದ ಮಾತು ನೆನಪಾಯಿತು.

ಮೇ ೩೦, ಬೆಳಿಗ್ಗೆ

ಸೀಟು ದೊರೆತಿದೆ. ಬೋಧನಾ ಶುಲ್ಕ ಪೂರ್ಣ ಮಾಫಿ. ಸೊನ್ನೆ ಕೂಗಲಿಲ್ಲ, ಕುಣಿಯಲಿಲ್ಲ. ಪರದೆಯ ಹತ್ತಿರ ಹೋಗಿ ಅದರಲ್ಲಿ ಮುಖ ಮುಚ್ಚಿಕೊಂಡು ನಿಂತಳು. ಪರದೆ ಉಬ್ಬಿತು, ಇಳಿಯಿತು. ಮಗ ಹೋಗಿ ಪರದೆಯ ಸಮೇತ ಅವಳನ್ನು ಅಪ್ಪಿಕೊಂಡ.

ಹಾಸ್ಟೆಲಿನವರು ಒಂದು ಪತ್ರ ಕೇಳಿದ್ದಾರೆ. ಮನೆಯ ಹಿರಿಯರ ಕೈಬರಹದಲ್ಲಿ. ಹುಡುಗಿಗೆ ಯಾರು ಯಾರು ಇದ್ದಾರೆ, ಕರೆದರೆ ಬರುವವರು ಯಾರು.

"ತಾತ, ಇದು ನಿನ್ನ ಕೆಲಸ" ಎಂದಳು. "ಈ ಸಲ ಎಲ್ಲರನ್ನೂ ಬದುಕಿಸ್ಬೇಕು."

ತೊಳೆದಿಟ್ಟ ಪೆನ್ನು ಒಣಗಿದೆ. ಶಾಯಿ ತುಂಬಿಸಿದೆ. ಒಳ್ಳೆಯ ಹಾಳೆಗೆ ಮುನ್ನ ಇಲ್ಲೇ ಕರಡು.

ಮಾನ್ಯರೇ,

ಸದರಿ ಹುಡುಗಿಗೆ ತಂದೆ ಇದ್ದಾನೆ. ತಾಯಿ ಇದ್ದಾಳೆ. ಕರೆದರೆ ಇಬ್ಬರೂ ಓಡಿ ಬರುವರು. ತಾತನು ಕೊಂಚ ನಿಧಾನವಾಗಿ ಬರುವನಾದರೂ, ಬಂದೇ ತೀರುವನು.