ನೀವು ಬಂದ ದಿನ ನಮ್ಮ ಮನೆ ಬೆಚ್ಚಗಿತ್ತು

ಇಂಧನ ನೆರವು ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಉಂಡ ಮನೆಗೇ ಎರಡು ಬಗೆದಿರಲ್ಲ! ಗ್ಯಾಸ್ ಕೊಳವೆ ಬಾರದ ಊರುಗಳಿಗೆ ಚಳಿಗಾಲದ ಕಲ್ಲಿದ್ದಲನ್ನು ಸರ್ಕಾರವೇ ಕೊಡುತ್ತದೆ ಎಂದಿರಿ. ನಾರಿನ್ ಕಣಿವೆಯ ತುದಿಯಲ್ಲಿರುವ ನಮ್ಮೂರಿಗೆ ಮಾತ್ರ ಅದು ಬೇಡವೆಂದು ತೀರ್ಮಾನಿಸಿದ್ದೀರಂತೆ. ಕಾರಣ, "ಮನೆಗಳು ಸಾಕಷ್ಟು ಬೆಚ್ಚಗಿವೆ." ಬೆಚ್ಚಗಿದ್ದದ್ದು ಒಂದೇ ಮನೆ ಸ್ವಾಮಿ, ಅದೂ ಒಂದೇ ಮಧ್ಯಾಹ್ನ. ಅದು ಹೇಗೆಂದು ನಾಲ್ಕು ಜನರಿಗೂ ತಿಳಿಯಲಿ ಎಂದೇ ಈ ಪತ್ರವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನೀವು ಪರಿಶೀಲನೆಗೆ ಬರುವ ಸುದ್ದಿ ಬಂದಾಗ ನಮ್ಮಲ್ಲಿ ಬಾಣಂತಿಯಿದ್ದಳು. ಸೊಸೆ ಮೀರಿಮ್ ಹಸುಗೂಸನ್ನು ತನ್ನ ಕೋಟಿನೊಳಗೆ ಅವಚಿಕೊಂಡೇ ಕೂತಿರುತ್ತಿದ್ದಳು. ಹಗಲಿಗೆ ಬೆರಣಿ, ರಾತ್ರಿಗೆ ಮಾತ್ರ ಒಂದಿಷ್ಟು ಕಲ್ಲಿದ್ದಲು. ಆದರೆ ಅತಿಥಿ ಬರುತ್ತಾರೆಂದರೆ ನಮ್ಮ ಕಿರ್ಗಿಜರಿಗೆ ಮೈಮೇಲೆ ಎಚ್ಚರವಿರುವುದಿಲ್ಲ. ಪಕ್ಕದ ಮನೆಯ ಶಾರ್ಶೆನ್ ಅಜ್ಜ ತನ್ನ ಪಾಲಿನ ಕಲ್ಲಿದ್ದಲನ್ನೂ ಚೀಲದಲ್ಲಿ ಹೊತ್ತು ತಂದ.

"ತಗೊಳ್ಳಮ್ಮ ಬುರುಲ್, ಪೂರ್ತಿ ಸುರಿ ಒಲೆಗೆ. ಬಂದೋರು ನಡುಗ್ತಾ ಕೂತ್ರೆ ಊರಿನ ಮಾನ ಉಳಿಯುತ್ತಾ?"

ಮೀರಿಮ್ ಮೆಲ್ಲಗೆ ಕೇಳಿದಳು: "ಅತ್ತೆ, ಅವ್ರು ಬರ್ತಿರೋದೇ ಮನೆ ಎಷ್ಟು ತಣ್ಣಗಿದೆ ಅಂತ ನೋಡೋಕಲ್ವಾ?"

"ಅಯ್ಯೋ, ಸುಮ್ನಿರೇ! ಅವ್ರೇನು ಕಣ್ಣಿಲ್ಲದೋರಾ? ಕೇಳಿದ್ರೆ ಎಲ್ಲಾ ಹೇಳಿದ್ರಾಯ್ತು," ಎಂದೆ ನಾನು.

ನೀವು ಕೇಳಲೇ ಇಲ್ಲವಲ್ಲ! ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ನಿಮ್ಮನ್ನು ಕೂರಿಸಿದೆವು. ಕುರಿ ಕಡಿದು ಬೇಯಿಸಿ, ದೊಡ್ಡ ಅತಿಥಿಗೇ ಸಲ್ಲುವ ತಲೆಯನ್ನು ನಿಮ್ಮ ಮುಂದೆಯೇ ಇಟ್ಟೆವು. ಮೊದಲು ಕೋಟು ಬಿಚ್ಚಿದಿರಿ, ಆಮೇಲೆ ಸ್ವೆಟರು. "ಅಬ್ಬಾ, ಏನ್ ಸೆಕೆ ತಾಯಿ ನಿಮ್ಮನೇಲಿ! ನಮ್ಮ ಆಫೀಸೇ ಇಷ್ಟು ಬೆಚ್ಚಗಿಲ್ಲ," ಎಂದು ಬೆವರು ಒರೆಸಿಕೊಂಡು ನಕ್ಕಿರಿ. ಪೆದ್ದರ ಹಾಗೆ ನಾವೂ ನಕ್ಕೆವು. ನಿಮ್ಮ ಪರಿಶೀಲನೆ ಅಲ್ಲಿಗೇ ಮುಗಿಯಿತೆಂದು ನಮಗೇನು ಗೊತ್ತು?

ಪಕ್ಕದ ಕೋಣೆಯ ಗೋಡೆಗೆ ಹಿಮ ಹತ್ತಿತ್ತು. ಆ ಬಾಗಿಲು ದೂಡಿ ನೋಡಲು ನಿಮ್ಮ ಕೈಗೆ ಏನಾಗಿತ್ತು? ತಣ್ಣಗಿನ ತನ್ನ ಮನೆಗೆ ಹೋಗಲಾರದೆ ಅಜ್ಜ ಒಲೆಗೆ ಬೆನ್ನು ಕೊಟ್ಟು ಕೂತೇ ಇದ್ದನಲ್ಲ, ಅದೂ ಕಾಣಲಿಲ್ಲವೇ? ಹೊರಡುವಾಗ ಎರಡೂ ಕೈ ಎತ್ತಿ ಹರಸಿದಿರಿ: "ಈ ಮನೆ ಒಲೆ ಎಂದೂ ಆರದಿರ್ಲಿ." ಹಾಗೇ ಆಗಲೆಂದು ನಾವು ಮುಖ ಸವರಿಕೊಂಡು "ಓಮಿನ್" ಎಂದೆವು. ಹರಸಿದ ಆ ಕೈಯಿಂದಲೇ ತಾನೇ ನಮಗೆ ನೆರವು ಬೇಡವೆಂದು ಸಹಿ ಹಾಕಿದ್ದು?

ಊರಿನ ಮುಖ್ಯಸ್ಥ ಬಂದು ಆ ಸುದ್ದಿ ಹೇಳಿದ. ಈಗ ಅಜ್ಜ ನಮ್ಮಲ್ಲೇ ಮಲಗುತ್ತಾನೆ, ಎರಡು ಮನೆಗೂ ಒಂದೇ ಒಲೆ. "ಇನ್ನೊಂದ್ಸಲ ಬರ್ಲಿ ಅವ್ನು, ಹಿಮದ ಗಡ್ಡೇನೇ ತಿನ್ನಿಸ್ತೀನಿ," ಎಂದು ಹಲ್ಲು ಕಡಿಯುತ್ತಾನೆ. ನೀವು ಬಂದರೆ ಕುರಿ ಹುಡುಕಲು ಮೊದಲು ಓಡುವವನೂ ಅವನೇ.

ಮಗುವಿಗೆ ನಲವತ್ತು ದಿನ ತುಂಬಿದಾಗ ನಲವತ್ತು ಚಮಚ ನೀರೆರೆದು ಮೀಯಿಸುವುದು ನಮ್ಮ ಪದ್ಧತಿ. ಆ ದಿನ ಬಂದು ಹೋಯಿತು. ಈ ಚಳಿಯಲ್ಲಿ ಮಗುವಿನ ಬಟ್ಟೆ ಬಿಚ್ಚಲು ಮೀರಿಮ್‌ಗೆ ಧೈರ್ಯವಿಲ್ಲ. ನಮ್ಮ ಕಲ್ಲಿದ್ದಲನ್ನು ಈ ವಾರವೇ ಕಳಿಸಿ. ಕಳಿಸಲಾರಿರಾದರೆ ನೀವೇ ಬನ್ನಿ. ಅದೇ ಗೌರವದ ಜಾಗ ಕೊಡುತ್ತೇವೆ. ಆದರೆ ಈ ಸಲ ನಿಮಗೆಂದು ಏನನ್ನೂ ಉರಿಸುವುದಿಲ್ಲ. ಕೋಟು ಬಿಚ್ಚಿ ಕೂತು, ಮೊದಲ ಚಮಚ ನೀರನ್ನು ಮಗುವಿನ ಬರಿಮೈ ಮೇಲೆ ನೀವೇ ಎರೆಯಿರಿ.

ಇಂತಿ,
ಇಷ್ಟಾದರೂ ನಿಮ್ಮನ್ನು ಚಹಾ ಕೊಡದೆ ಕಳಿಸಲಾರದ,
ಬುರುಲ್